ಬೋರ್ ಮಾಡಿಸಿದ ಲಾರಿ ಆಯಿಲ್ ಕುಡಿಯೋದು ಯಾಕೆ?

ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. ಕಾಫಿ ಇಳಿಯೋದೂ ಲಾರಿಯಲ್ಲಿ, ಸಿಮೆಂಟು ಹತ್ತೋದೂ ಲಾರಿಯಲ್ಲಿ. ನಮ್ಮ ಹಾರಂಗಿ ಅಣೆಕಟ್ಟೆ ಕೆಲಸ 1964ರಲ್ಲಿ ಶುರುವಾಗಿ 1982ರಲ್ಲಿ ಮುಗಿಯಿತು. ಸುಮಾರು 8.5 ಟಿಎಂಸಿ ನೀರು ಹಿಡಿಯುವ ಆ ಕಟ್ಟೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಲಾರಿಗಳ ಬಗ್ಗೆ ಬರೆದವರು ಕಡಿಮೆ. ಅದಕ್ಕೇ ಇವತ್ತು ಲಾರಿ ಪುರಾಣ. ಅದರಲ್ಲೂ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸುವ ಒಂದೇ ಒಂದು ಅಧ್ಯಾಯ: ಇಂಜಿನ್ ರಿಪೇರಿ ಆದ ಮೇಲೆ ಆಯಿಲ್ ಜಾಸ್ತಿ ಖರ್ಚಾಗೋದು.

(ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಇಂಜಿನಿಯರ್ ಅಂತ ಹೇಳಿಕೊಂಡರೂ ಕೈಗೆ ಗ್ರೀಸ್ ಹತ್ತಿದ್ದು ಕಡಿಮೆ :) ಕಲಿತದ್ದೆಲ್ಲಾ ಕುಶಾಲನಗರದ ಒಬ್ಬ ಹಳೇ ಮಿಸ್ತ್ರಿಯವರ ಪಕ್ಕ ನಿಂತು.)

ಮೊದಲು ಸ್ವಲ್ಪ ಇತಿಹಾಸ. ಆವಿ ಇಂಜಿನ್ ಕಾಲದಲ್ಲಿ ಪಿಸ್ಟನ್ ಸುತ್ತ ಸೆಣಬು ಸುತ್ತಿ ಸಂದು ಮುಚ್ಚುತ್ತಿದ್ದರು. 1850ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ರಿಂಗು ತಂದ. ತನ್ನ ಸ್ಪ್ರಿಂಗ್ ಗುಣದಿಂದಲೇ ಸಿಲಿಂಡರ್ ಗೋಡೆಗೆ ಒತ್ತಿಕೊಳ್ಳುವ ರಿಂಗು ಅದು. ಇವತ್ತಿನ ಲಾರಿಯಲ್ಲಿರೋದೂ ಅದೇ ಉಪಾಯ. ನಮ್ಮ ದೇಶದ ರಸ್ತೆಗಳಿಗೆ ಡೀಸೆಲ್ ಲಾರಿ ದೊಡ್ಡದಾಗಿ ಬಂದದ್ದು 1954ರಿಂದ ಈಚೆಗೆ. ಆ ವರ್ಷ ಟೆಲ್ಕೋ, ಜರ್ಮನಿಯ ಡೈಮ್ಲರ್-ಬೆಂಜ್ ಜತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿದ್ದ ನಕ್ಷತ್ರ ಹೋಯಿತು. ಡೀಸೆಲ್ ಪಂಪಿನ ವಿಷಯದಲ್ಲಿ ನಮ್ಮ ಬೆಂಗಳೂರಿನದೇ ದೊಡ್ಡ ಹೆಸರು. 1951ರಲ್ಲಿ ಹುಟ್ಟಿದ ಮೈಕೋ, ಆಡುಗೋಡಿಯಲ್ಲಿ ಕಾರ್ಖಾನೆ ಹಾಕಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆದರೂ ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟೇ.

ಈಗ ವಿಷಯಕ್ಕೆ ಬರೋಣ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸೋದರಮಾವ ಸಾಲ ಮಾಡಿ ಒಂದು ಹಳೇ ಲಾರಿ ಓಡಿಸುತ್ತಿದ್ದರು. ಒಂದು ಗ್ಯಾರೇಜಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು ಹಾಕಿಸಿ, ಪಂಪು ಕೂಡ ಸರ್ವೀಸ್ ಮಾಡಿಸಿದರು. ಆಮೇಲೆ ನೋಡಿದರೆ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಮಾಯ! "ರಿಪೇರಿಗೆ ಮುಂಚೆ ಒಂದು ತೊಟ್ಟೂ ಕಮ್ಮಿ ಆಗ್ತಿರ್ಲಿಲ್ಲ ಕಣೋ. ಹಳೇ ರಿಂಗೇ ಹಾಕಿ ಯಾಮಾರಿಸಿದಾನೆ" ಅಂತ ಮಾವ ಗ್ಯಾರೇಜಿನವರ ಬಾಕಿ ದುಡ್ಡು ತಡೆಹಿಡಿದರು. ಅವರು ಇವರ ಮನೆ ಮುಂದೆ ಬಂದು ನಿಂತರು. ಮತ್ತೆ ಇಂಜಿನ್ ಬಿಚ್ಚಿದರೆ ಹದಿನೈದು ದಿನ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲೋದಿಲ್ಲ. ಕೊನೆಗೆ ಇಬ್ಬರೂ ಒಪ್ಪಿ ಮಿಸ್ತ್ರಿಯವರ ಹತ್ತಿರ ಹೋದರು.

ಮಿಸ್ತ್ರಿಯವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಅವರ ಕ್ರಮ ಹೀಗಿತ್ತು:

1. ಮೊದಲು ಹೊರಗಡೆ. ಟ್ಯಾಪೆಟ್ ಕವರ್, ಚೇಂಬರ್ ಪ್ಯಾಕಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒರೆಸಿ, ಒಂದು ಟ್ರಿಪ್ ಹೋಗಿ ಬಂದು ನೋಡೋದು.

2. ಏರ್ ಟ್ಯಾಂಕಿನ ಡ್ರೈನ್ ಬಿಚ್ಚೋದು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿಗೂ ಪಿಸ್ಟನ್, ರಿಂಗು ಇದೆ, ಅದಕ್ಕೆ ಹೋಗೋದೂ ಇಂಜಿನ್ ಆಯಿಲ್ಲೇ. ಅದು ಸವೆದರೆ ಆಯಿಲ್ ಹೊಗೆಯಾಗದೇ ಟ್ಯಾಂಕಿಗೆ ಸೇರುತ್ತದೆ.

3. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಜಿಡ್ಡು ಇದೆಯಾ ನೋಡೋದು. ಇದ್ದರೆ ಆಯಿಲ್ ಕೂಲರೋ ಹೆಡ್ ಗ್ಯಾಸ್ಕೆಟ್ಟೋ ಹೋಗಿದೆ ಅಂತ ಅನುಮಾನ.

4. ಬ್ರೀದರ್ ಪೈಪು ಕಟ್ಟಿದೆಯಾ, ಟರ್ಬೋ ಇದ್ದರೆ ಅದರಿಂದ ಆಯಿಲ್ ವಾಪಸ್ ಬರುವ ಪೈಪು, ಏರ್ ಫಿಲ್ಟರ್ ಚೊಕ್ಕಟವಾಗಿವೆಯಾ ನೋಡೋದು.

5. ಹೊಗೆ. ಕಪ್ಪಾದರೆ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಉರೀತಿದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಕಡೆ ಅನುಮಾನ. ಲೋಡಿನಲ್ಲಿ ಏರು ಹತ್ತುವಾಗಲೂ ಬರುತ್ತಿದ್ದರೆ ರಿಂಗು: ಹೋನಿಂಗ್ ಸರಿ ಆಗಿಲ್ಲ, ಇಲ್ಲಾ ಎರಡನೇ ರಿಂಗನ್ನು ತಲೆಕೆಳಗೆ ಹಾಕಿದ್ದಾರೆ. ತಲೆಕೆಳಗಾದ ರಿಂಗು ಆಯಿಲ್ಲನ್ನು ಕೆಳಗೆ ಒರೆಸೋ ಬದಲು ಮೇಲಕ್ಕೆ ದೂಡುತ್ತೆ.

ಮಾವನ ಲಾರಿಯಲ್ಲಿ ಇದ್ಯಾವುದೂ ಸಿಗಲಿಲ್ಲ. ಆಗ ಮಿಸ್ತ್ರಿ ಒಂದು ಪ್ರಶ್ನೆ ಕೇಳಿದರು. "ಸ್ವಾಮೀ, ರಿಪೇರಿಗೆ ಮುಂಚೆ ಡಿಪ್‌ಸ್ಟಿಕ್ ಮೂಸಿ ನೋಡಿದ್ರಾ? ಆಯಿಲ್ ತೆಳ್ಳಗೆ, ಡೀಸೆಲ್ ವಾಸನೆ ಇತ್ತಾ?" ಮಾವ ಒಂದು ಕ್ಷಣ ಯೋಚಿಸಿ, ಇತ್ತು ಅಂದರು. ಒಂದೊಂದು ಸಲ ಲೆವೆಲ್ ಮೇಲೂ ಬರುತ್ತಿತ್ತಂತೆ.

ಗುಟ್ಟು ಅಲ್ಲೇ ಇತ್ತು. ಹಳೇ ಇನ್‌ಲೈನ್ ಪಂಪು ಎಷ್ಟೋ ಲಾರಿಗಳಲ್ಲಿ ಇಂಜಿನ್ ಆಯಿಲ್‌ನಿಂದಲೇ ತೇವ ಪಡೆಯುತ್ತದೆ. ಪ್ಲಂಜರ್ ಸವೆದರೆ ಡೀಸೆಲ್ ಕೆಳಗೆ ಜಿನುಗಿ ಇಂಜಿನ್ ಚೇಂಬರಿಗೆ ಬೀಳುತ್ತದೆ. ಅಂದರೆ ಒಂದು ಕಡೆ ಆಯಿಲ್ ಉರಿದು ಹೋಗುತ್ತಿತ್ತು, ಇನ್ನೊಂದು ಕಡೆ ಡೀಸೆಲ್ ಬಂದು ಆ ಜಾಗ ತುಂಬುತ್ತಿತ್ತು. ಕಡ್ಡಿಯಲ್ಲಿ ಲೆಕ್ಕ ಸರಿ! ಪಂಪು ರಿಪೇರಿ ಆದ ಮೇಲೆ ಡೀಸೆಲ್ ಬರೋದು ನಿಂತಿತು, ನಿಜವಾದ ಖರ್ಚು ಈಗ ಕಣ್ಣಿಗೆ ಬಿತ್ತು.

ಆ ಖರ್ಚಾದರೂ ಎಷ್ಟು? ಲೀಟರಿಗೆ 4 ಕಿಲೋಮೀಟರ್ ಹಿಡಿದರೆ ಸಾವಿರಕ್ಕೆ 250 ಲೀಟರ್ ಡೀಸೆಲ್. ಅದಕ್ಕೆ 1 ಲೀಟರ್ ಆಯಿಲ್ ಅಂದರೆ ಶೇಕಡಾ 0.4. ಹೊಸ ರಿಂಗು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳುವ ತನಕ ಇಷ್ಟು ಹೋದರೆ ಗಾಬರಿ ಬೇಡ ಅಂದರು ಮಿಸ್ತ್ರಿ. ಸುಮ್ಮನೆ ಗಂಟೆಗಟ್ಟಲೆ ಐಡಲ್ ಬಿಡಬೇಡಿ, ಗೋಡೆ ಗಾಜಿನ ಹಾಗೆ ನುಣುಪಾಗಿ ರಿಂಗು ಕೂರೋದೇ ಇಲ್ಲ, ಹದವಾದ ಲೋಡಿನಲ್ಲಿ ಓಡಿಸಿ, ಡೀಸೆಲ್ ಹಾಕಿಸಿದಾಗಲೆಲ್ಲಾ ಆಯಿಲ್ ಬರೆದಿಡಿ ಅಂದರು. ಕೆಲವು ತಿಂಗಳಲ್ಲಿ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಗ್ಯಾರೇಜಿನವರ ಬಾಕಿಯೂ ಚುಕ್ತಾ ಆಯಿತು.

ರಿಪೇರಿ ಆದ ಮೇಲೆ ಕಂಡದ್ದೆಲ್ಲಾ ರಿಪೇರಿಯಿಂದಲೇ ಆದದ್ದಲ್ಲ. ನಮ್ಮ ಸಾಫ್ಟ್‌ವೇರಿನಲ್ಲೂ ಒಂದು ಬಗ್ ತೆಗೆದಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಗೆ ಬರುತ್ತದಲ್ಲ, ಹಾಗೇ. ಮುಂಚಿನ ಲೆಕ್ಕ ಬರೆದಿಡದವನಿಗೆ ಇವೆರಡರ ವ್ಯತ್ಯಾಸ ಗೊತ್ತಾಗೋದಿಲ್ಲ.

2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೊಸ ಲಾರಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಉರಿದ ಆಯಿಲ್‌ನ ಬೂದಿ ಅದರೊಳಗೆ ಕೂತರೆ ಸುಟ್ಟೂ ಹೋಗದು. ಹಾಗಾಗಿ ನೀಲಿ ಹೊಗೆ ಕಾಣಲಿಲ್ಲ ಅಂತ ಸುಮ್ಮನಿರೋ ಕಾಲ ಹೋಯಿತು, ಆದರೆ ಡಿಪ್‌ಸ್ಟಿಕ್ ಮತ್ತು ಲೆಕ್ಕದ ಪುಸ್ತಕದ ಕಾಲ ಹೋಗಿಲ್ಲ.

ನಿಮ್ಮೂರ ಗ್ಯಾರೇಜುಗಳಲ್ಲೂ ಇಂಥ ಕಥೆ ಇದ್ದೇ ಇರುತ್ತೆ. ಬಿಡುವಾದಾಗ ಬರೆಯಿರಿ, ಓದೋಣ.