ಸಾರಣೆ, ಕಾರಣೆ ಮತ್ತು ಗೋಡೆಯ ಒಂದು ಹಕ್ಕಳೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ಏಳನೇ ತರಗತಿಯ ಒಬ್ಬ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಅಂಗೈ ಅಗಲದ ಗಾರೆಯ ಹಕ್ಕಳೆ ತಂದಳು. "ಸಾರ್, ನಮ್ಮ ಹಳೇ ಮನಿ ಕೆಡವಿದ್ರು. ಇದು ಪಡಸಾಲಿ ಗ್ವಾಡಿದು" ಎಂದಳು. ಇತಿಹಾಸದ ಪಾಠಕ್ಕೆ ಮನೆಯಲ್ಲಿರುವ ಹಳೆಯ ವಸ್ತು ಏನಾದರೂ ತನ್ನಿ ಎಂದು ನಾನೇ ಹೇಳಿದ್ದೆ. ಉಳಿದವರು ತೂತಿನ ಕಾಸು, ತಾಮ್ರದ ತಂಬಿಗೆ, ಅಜ್ಜನ ಕನ್ನಡಕ ತಂದಿದ್ದರು. ಗೋಡೆಯನ್ನೇ ತಂದವಳು ಇವಳೊಬ್ಬಳು. ಮಕ್ಕಳೆಲ್ಲ ನಕ್ಕರು, ಅವಳ ಮುಖ ಸಣ್ಣದಾಯಿತು.

ಹಕ್ಕಳೆಯ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದೆ. ಪುಸ್ತಕದ ಹಾಳೆಗಳ ಹಾಗೆ ಪದರಗಳು! ಮೇಲೆ ತಿಳಿ ಗುಲಾಬಿ ಡಿಸ್ಟೆಂಪರ್, ಅದರಡಿ ಗಿಳಿಹಸಿರು, ಅದರಡಿ ನೀಲಿ, ಮತ್ತೆ ನೀಲಿ, ಬಿಳಿ, ಮತ್ತೆ ನೀಲಿ. ಎಲ್ಲಕ್ಕೂ ಕೆಳಗೆ, ಮಣ್ಣಿನ ಗಾರೆಗೆ ತಾಗಿ, ಕೆಮ್ಮಣ್ಣು. ಮನೆ ಕಟ್ಟಿ ನೂರು ವರ್ಷವಾಗಿತ್ತಂತೆ. ಹಾಗಿದ್ದರೆ ಆ ಕೆಮ್ಮಣ್ಣು ಬಳಿದಾಗ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಬಂದವು, ಬಳ್ಳಾರಿ ಆ ಕಡೆ ಉಳಿಯಿತು. ಗೋಡೆಯ ತಳ ಬಳ್ಳಾರಿಯದು, ಮೇಲಿನ ಪದರಗಳು ಕರ್ನೂಲಿನವು ಎಂದೆ. ಆಗ ನಗು ನಿಂತಿತು.

ಮನೆಯೊಳಗೆ ಗಾಢ ಬಣ್ಣ ಹಚ್ಚುವುದು ಈಗಿನ ಪಟ್ಟಣದ ಫ್ಯಾಷನ್ ಎಂದು ಟಿ.ವಿ. ಜಾಹೀರಾತು ನೋಡಿದವರು ಅಂದುಕೊಂಡಿದ್ದಾರೆ. ಇನ್ನೊಂದು ಕಡೆ, ಹಳ್ಳಿಯ ನೀಲಿ ಗೋಡೆ, ಹಸಿರು ಬಾಗಿಲು ಕಂಡರೆ ಅದು ಹಳ್ಳಿಗರ ರುಚಿ ಎಂದು ಮೂಗು ಮುರಿಯುವವರೂ ಇದ್ದಾರೆ. ನಮ್ಮ ಮಕ್ಕಳು ಎರಡನೆಯ ಮಾತನ್ನು ಬೇಗ ಕಲಿಯುತ್ತಾರೆ. ಆ ದಿನ ಅವರು ನಕ್ಕದ್ದೂ ಅದಕ್ಕೇ ಎಂದು ನನಗೆ ಅನಿಸುತ್ತದೆ.

ನಮ್ಮ ಭಾಷೆಯಲ್ಲಿ ಸಾರಣೆ-ಕಾರಣೆ ಎಂಬ ಜೋಡಿಮಾತು ಇದೆ. ಸಾರಣೆ ಎಂದರೆ ಸಗಣಿಯಿಂದ ಸಾರಿಸುವುದು. ಕಾರಣೆ ಎಂದರೆ ಗೋಡೆಯ ಬುಡಕ್ಕೆ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು. ಒಂದು ಕೆಲಸಕ್ಕೆ ಭಾಷೆ ತನ್ನದೇ ಹೆಸರು ಇಟ್ಟಿದೆ ಎಂದರೆ ಅದು ನಿನ್ನೆ ಮೊನ್ನೆಯದಲ್ಲ. ಇದರಲ್ಲಿ ಅಂದ ಎಷ್ಟೋ ಅನುಕೂಲವೂ ಅಷ್ಟೇ. ನಮ್ಮದು ಮಾಳಿಗೆ ಮನೆಗಳ ಸೀಮೆ. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಮೇಲಿನ ಸುಣ್ಣ ಆ ಬೆಳಕಿಂಡಿಯ ಬೆಳಕನ್ನು ಹಂಚುತ್ತಿತ್ತು. ಎಣ್ಣೆ ಹಚ್ಚಿದ ತಲೆ ಆನಿಸುವ, ಕೆಸರು ಸಿಡಿಯುವ ಬುಡದ ಭಾಗಕ್ಕೆ ಕೆಂಪು ಇದ್ದರೆ ಕೊಳೆ ಕಾಣುತ್ತಿರಲಿಲ್ಲ.

ಕೆಂಪೇ ಏಕೆ? ಹಸಿರೋ ನೇರಳೆಯೋ ಏಕಾಗಲಿಲ್ಲ? ಇಲ್ಲಿ ಯಜಮಾನಿಕೆ ಸುಣ್ಣದ್ದು. ಸುಣ್ಣ ಬಲವಾದ ಕ್ಷಾರ. ಎಲೆ, ಹೂವಿನಿಂದ ತೆಗೆದ ಎಷ್ಟೋ ಬಣ್ಣಗಳನ್ನು ಅದು ತಿಂದು ಹಾಕುತ್ತದೆ. ಕಬ್ಬಿಣದ ಆಕ್ಸೈಡ್ ಇರುವ ಮಣ್ಣನ್ನು ಮಾತ್ರ ಏನೂ ಮಾಡಲಾರದು. ನಮ್ಮ ಸುತ್ತ ಇರುವುದೂ ಅದೇ! ಪಶ್ಚಿಮಕ್ಕೆ ಸಂಡೂರಿನ ಕಬ್ಬಿಣದ ಗುಡ್ಡಗಳು. ಪೂರ್ವಕ್ಕೆ ಬೇತಂಚೆರ್ಲ ಕಡೆ ಹಳದಿ ಮಣ್ಣಿನ ಗಣಿಗಳು (ಅದು 2022ರಿಂದ ನಂದ್ಯಾಲ ಜಿಲ್ಲೆ). ಹಳದಿ ಮಣ್ಣನ್ನು ಹಂಚಿನ ಮೇಲೆ ಚೆನ್ನಾಗಿ ಕಾಯಿಸಿದರೆ ಅದರೊಳಗಿನ ನೀರು ಬಿಟ್ಟು ಅದೇ ಕೆಂಪಾಗುತ್ತದೆ. ತರಗತಿಯಲ್ಲಿ ಮಾಡಿ ತೋರಿಸಿ, ಖರ್ಚಿಲ್ಲ.

ಅರಸರ ಮಾತಿಗೆ ಬಂದರೂ ಬಣ್ಣಕ್ಕೆ ಯಾರೂ ಅಂಜಿದವರಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್ ಅರಮನೆಯ ಒಂದು ಗೋಡೆಯ ಬಗ್ಗೆ ಬರೆದಿದ್ದಾನೆ. ಬೇರೆ ಬೇರೆ ದೇಶದ ಜನ, ಪೋರ್ಚುಗೀಸರೂ ಸೇರಿ, ಹೇಗೆ ಬದುಕುತ್ತಾರೆ ಎಂಬುದನ್ನು ಅಲ್ಲಿ ಚಿತ್ರಿಸಿದ್ದರಂತೆ. ರಾಣಿಯರು ನೋಡಿ ತಿಳಿಯಲಿ ಎಂದು! ಹೊರಗೆ ಹೋಗಲಾಗದ ಹೆಂಗಸರಿಗೆ ಗೋಡೆಯೇ ಭೂಗೋಳದ ಪುಸ್ತಕ. ಆ ಗೋಡೆ ಈಗಿಲ್ಲ. ಆ ಕಾಲದ ಬಣ್ಣ ನೋಡಬೇಕಾದರೆ ಲೇಪಾಕ್ಷಿಗೆ ಹೋಗಿ, ವೀರಭದ್ರ ದೇವಾಲಯದ ಮಾಳಿಗೆಯ ಒಳಮೈ ತಲೆಯೆತ್ತಿ ನೋಡಿ. ಕೆಂಪು, ಕಾವಿ, ಕಪ್ಪು, ಬಿಳಿ... ಬಹುಪಾಲು ನಮ್ಮ ಅಜ್ಜಿಯರ ಕೈಯಲ್ಲಿದ್ದ ಮಣ್ಣುಗಳೇ.

ಆದವಾನಿಯ ಕಥೆ ಮಾತ್ರ ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಸಿದ್ದಿ ಮಸೂದ್ ಖಾನ್ ಹೆಸರು ಮಂತ್ರಾಲಯದ ಮಂಚಾಲೆ ಗ್ರಾಮದಾನದ ಕಥೆಯಿಂದಾಗಿ ಎಲ್ಲರಿಗೂ ಪರಿಚಿತ. ಅವನು ಚಿತ್ರಕಲೆಯ ಪೋಷಕನೂ ಆಗಿದ್ದ. ಕೋಟೆ ಮೊಗಲರ ವಶವಾದ ಮೇಲೆ ಇಲ್ಲಿದ್ದ ದಖ್ಖನಿ ಚಿತ್ರಗಳು ಬೀಕಾನೇರಿನ ರಾಜ ಅನೂಪ್ ಸಿಂಗನ ಕೈಸೇರಿ ರಾಜಸ್ಥಾನಕ್ಕೆ ಹೋದವು. ಅನೂಪ್ ಸಿಂಗ್ 1698ರಲ್ಲಿ ಆದವಾನಿಯಲ್ಲೇ ತೀರಿಕೊಂಡ. ಬೀಕಾನೇರಿನ ಕೋಟೆಯಲ್ಲಿ ಅವನ ಹೆಸರಿನ ಅನೂಪ್ ಮಹಲ್ ಇದೆ. ಗೋಡೆಯಿಡೀ ಕೆಂಪು ಮತ್ತು ಚಿನ್ನ. ಆ ಅಲಂಕಾರ ನಂತರದವರು ಮಾಡಿಸಿದ್ದು, ಆದರೂ ಅದರ ಫೋಟೋ ನೋಡಿದಾಗೆಲ್ಲ ನನಗೆ ನಮ್ಮ ಆದವಾನಿ ನೆನಪಾಗುತ್ತದೆ.

ಇನ್ನು ಹಕ್ಕಳೆಯ ನೀಲಿಗೆ ಬರೋಣ. ಹಿಂದೆ ಒಳ್ಳೆಯ ನೀಲಿ ಬಣ್ಣವೆಂದರೆ ಆಫ್ಘಾನಿಸ್ತಾನದ ಬದಕ್ಷಾನದ ವೈಡೂರ್ಯದಂಥ ನೀಲಿ ಕಲ್ಲನ್ನು ಅರೆದು ಮಾಡಿದ್ದು. ಅದು ಬಡವರ ಗೋಡೆಗೆ ಬರುವ ಮಾತೇ ಇಲ್ಲ. ಕಡಪ, ಕರ್ನೂಲು ಸೀಮೆಯಲ್ಲಿ ನೀಲಿ ಗಿಡ ಬೆಳೆಯುತ್ತಿದ್ದರು, ನಿಜ. ಅದು ಬಟ್ಟೆಯ ಬಣ್ಣವಾಗಿ ಹಡಗು ಹತ್ತುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಆ ಬೇಸಾಯ ಕುಸಿಯಿತು. ಗೋಡೆಯ ನೀಲಿಯ ದಾರಿ ಬೇರೆ. 1820ರ ದಶಕದ ಕೊನೆಗೆ ಫ್ರಾನ್ಸಿನ ಗಿಮೆ ಎಂಬಾತ ಆ ಅಮೂಲ್ಯ ಕಲ್ಲಿನ ನೀಲಿಯನ್ನೇ ಜೇಡಿ, ಗಂಧಕ, ಸೋಡಾ ಕೂಡಿಸಿ ಕುಲುಮೆಯಲ್ಲಿ ತಯಾರಿಸಿದ. ಅದೇ ಮುಂದೆ ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯಾಗಿ ಸಂತೆಯ ಅಂಗಡಿಗೆ ಬಂತು. ಸುಣ್ಣದ ಕ್ಷಾರಕ್ಕೆ ಇದು ಜಗ್ಗುವುದಿಲ್ಲ. ಸುಣ್ಣ ಹಳದಿಗಟ್ಟದೆ ಬೆಳ್ಳಗೆ ಕಾಣಲಿ ಎಂದು ಮೊದಲು ಚಿಟಿಕೆ ಹಾಕಿದರು. ಯಾವಳೋ ಒಬ್ಬ ಧೈರ್ಯದ ಹೆಂಗಸು ಹಿಡಿ ಹಾಕಿರಬೇಕು. ರಾಜರ ಬಣ್ಣ ಪಡಸಾಲೆಗೆ ಬಂತು!

ಉಗಾದಿಗೋ ದಸರೆಗೋ ಮುಂಚೆ ನಮ್ಮವ್ವ ಸುಣ್ಣದ ಹರಳನ್ನು ಗುಡಾಣದಲ್ಲಿ ನೆನೆಹಾಕಿ, ಜಾಲಿ ಅಂಟು ಕಲಸಿ, ನೀಲಿ ಬೆರೆಸಿ ಹದ ನೋಡುತ್ತಿದ್ದಳು. ಹಸಿ ಗೋಡೆಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಕಣ್ಣಿಗೆ ಹೆಚ್ಚಾಯಿತು ಎನ್ನುವಷ್ಟು ಬೆರೆಸಬೇಕು. ಒಮ್ಮೆ ನಾನು ಜಾಣತನ ಮಾಡಿ ಬಟ್ಟೆಗೆ ಹಾಕುವ ದ್ರವದ ನೀಲಿಯನ್ನು ಬಾಟಲಿಗಟ್ಟಲೆ ಸುರಿದೆ. ಕೆಲವೇ ದಿನಕ್ಕೆ ಗೋಡೆ ಬಿಳಿಚಿಕೊಂಡಿತು. ಸುಣ್ಣ ಅದನ್ನು ತಿಂದುಬಿಟ್ಟಿತ್ತು. ಟಿ.ಸಿ.ಎಚ್. ಓದಿದ ಮಗನ ವಿಜ್ಞಾನ ನೋಡಿ ಅವ್ವ ಏನೂ ಅನ್ನಲಿಲ್ಲ, ನಕ್ಕಳು ಅಷ್ಟೇ.

ಗಿಳಿಹಸಿರಿನ ಕಾಲಕ್ಕೆ ಡಬ್ಬಿ ಬಣ್ಣಗಳು ಬಂದಿದ್ದವು. ಡಬ್ಬಿಯ ಮೇಲೆ ಕುಂಚ ಹಿಡಿದ ಗಟ್ಟು ಎಂಬ ಹುಡುಗನಿರುತ್ತಿದ್ದ, ನೆನಪಿದೆಯೇ? 1954ರಲ್ಲಿ ಅವನನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಬಣ್ಣ ಸುಲಭವಾಯಿತು, ಅದರ ಜೊತೆ ಬೇರೆ ತೊಂದರೆಯೂ ಬಂತು. 1775ರಲ್ಲಿ ಸ್ವೀಡನ್ನಿನ ಷೀಲೆ ಕಂಡುಹಿಡಿದ ಹೊಳೆಯುವ ಹಸಿರು ಯುರೋಪಿನ ಮನೆಗಳ ಗೋಡೆಕಾಗದಕ್ಕೆ ಬಂದು ಜನರ ಆರೋಗ್ಯ ಕೆಡಿಸಿತ್ತು, ಅದರಲ್ಲಿದ್ದದ್ದು ಪಾಷಾಣ. ನಮ್ಮ ಬಾಗಿಲಿನ ಎಣ್ಣೆಬಣ್ಣದಲ್ಲಿ, ಅದರಲ್ಲೂ ಹಳದಿಯಲ್ಲಿ, ಸೀಸವಿರುತ್ತಿತ್ತು. 2016ರ ನಿಯಮದಂತೆ 2017ರ ನವೆಂಬರಿನಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರುವಂತಿಲ್ಲ. ಅದಕ್ಕೂ ಹಿಂದಿನ ಬಾಗಿಲು ಉಜ್ಜುವಾಗ ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರವಿಡಿ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ತೇವ ಒಳಗೇ ನಿಂತು ಹಕ್ಕಳೆ ಏಳುತ್ತದೆ. ಅಲ್ಲಿ ಇಂದಿಗೂ ಸುಣ್ಣವೇ ಸರಿ.

ಮರುದಿನ ಮಕ್ಕಳಿಗೆ ಇನ್ನೊಂದು ಕೆಲಸ ಕೊಟ್ಟೆ. ನಿಮ್ಮ ಮನೆಯೊಳಗಿನ ಬಣ್ಣಗಳ ಹೆಸರನ್ನು ಕನ್ನಡದಲ್ಲಿ ಬರೆದು ತನ್ನಿ ಎಂದು. ಕಷ್ಟಪಟ್ಟರು. ತೆಲುಗಿನಲ್ಲಿ ಪಚ್ಚ ಎಂದರೆ ಹಳದಿಯೂ ಹೌದು, ಹಸಿರೂ ಹೌದು. ಅದಕ್ಕೇ ಅವರು ಆಕುಪಚ್ಚ ಎಂದು ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಪಚ್ಚೆ ಎಂದರೆ ಹಸಿರು ಮಾತ್ರ. ಒಬ್ಬ ಹುಡುಗ ಅರಿಶಿನ ಬಣ್ಣದ ಗೋಡೆಗೆ ಪಚ್ಚೆ ಎಂದು ಬರೆದಿದ್ದ. ತಪ್ಪು ಎಂದು ಗೆರೆ ಎಳೆಯಲು ಕೈ ಬರಲಿಲ್ಲ, ಎರಡು ಭಾಷೆಯ ಮನೆಯಲ್ಲಿ ಬೆಳೆದ ಮಗು. ಅಜ್ಜಿಯನ್ನು ಕೇಳಿ ಬಂದವರ ಪಟ್ಟಿ ಚೆನ್ನಾಗಿತ್ತು: ಕುಸುಬಿ ಬಣ್ಣ, ನಸ್ಯದ ಬಣ್ಣ, ಮಾವಿನ ಚಿಗುರು, ತತ್ತಿ ಬಣ್ಣ. ಹೆಚ್ಚಿನವರು ಅಪ್ಪ ಅಂಗಡಿಯಲ್ಲಿ ಆರಿಸಿದ ಇಂಗ್ಲಿಷ್ ಹೆಸರನ್ನೇ ಬರೆದಿದ್ದರು.

ಹಕ್ಕಳೆ ತಂದ ಹುಡುಗಿಯ ಹಾಳೆಯಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಮಾತ್ರ ಇತ್ತು. ಹೊಸ ಮನೆಗೆ ಹಚ್ಚಿದ ಬಣ್ಣದ ನಂಬರು. "ನಂಬರಲ್ಲಮ್ಮ, ನೋಡೋಕೆ ಹೆಂಗದ ಹೇಳು" ಎಂದೆ. ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದಳು.

"ಜೋಳದ ಅಂಬಲಿ ಬಣ್ಣ, ಸಾರ್."

ಪಟ್ಟಿಯಲ್ಲಿ ಅದನ್ನೂ ಸೇರಿಸಿದೆವು. ಹಕ್ಕಳೆ ನಮ್ಮ ಶಾಲೆಯ ಬೀರುವಿನಲ್ಲಿ, ತಾಮ್ರದ ತಂಬಿಗೆಯ ಪಕ್ಕ ಇದೆ.