ಬಂಡಿಯ ಎತ್ತರ ಮತ್ತು ಗಾಲಿಯ ನಿಲುವು: ಸ್ಪ್ರಿಂಗಿನ ಚರಿತ್ರೆಯಿಂದ ಒಂದು ವಿಚಾರ

೧

ಮೈಸೂರಿನ ಗಾಡಿ ಚೌಕದಲ್ಲಿ ಇಂದು ಕಾಣುವುದು ಬಹುಮಟ್ಟಿಗೆ ಮೋಟಾರು ವಾಹನಗಳೇ. ಆದರೂ ಆ ಸ್ಥಳದ ಹೆಸರು ಹಳೆಯ ಗಾಡಿಗಳ ನೆನಪನ್ನು ಬಿಟ್ಟುಕೊಟ್ಟಿಲ್ಲ. ಎತ್ತಿನ ಬಂಡಿ, ಜಟಕಾ, ಟಾಂಗಾ, ಅರಮನೆಯ ಸಾರೋಟು ಇವುಗಳೆಲ್ಲ ಓಡಾಡಿದ ಬೀದಿಗಳಲ್ಲಿಯೇ ಇಂದು ಸೆಡಾನ್ ಕಾರುಗಳು ಓಡಾಡುತ್ತಿವೆ. ಈ ಕಾರುಗಳ ಒಡೆಯರಲ್ಲಿ, ವಿಶೇಷವಾಗಿ ತರುಣರಲ್ಲಿ, ಈಚೆಗೆ ಒಂದು ಅಭಿರುಚಿ ಬೆಳೆದಿದೆ. ಕಾರಿನ ಮೈ ನೆಲಕ್ಕೆ ಸಮೀಪವಾಗಿದ್ದರೆ ನೋಟಕ್ಕೆ ಚೆಲುವು, ತಿರುವಿನಲ್ಲಿ ಸ್ಥಿರತೆ ಎಂದು ಭಾವಿಸಿ ಮೂಲದ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡವಾದವುಗಳನ್ನು ಹಾಕಿಸುತ್ತಾರೆ. ಕೆಲವು ತಿಂಗಳು ಕಳೆಯುವುದರೊಳಗೆ ಟೈರುಗಳ ಒಳ ಅಂಚು ಬೋಳಾಗುತ್ತದೆ. ಆಗ ಟೈರಿನ ತಯಾರಕನನ್ನು ದೂರುವವರುಂಟು, ರಸ್ತೆಯನ್ನು ದೂರುವವರೂ ಉಂಟು.

ಇದು ಯಂತ್ರಶಾಲೆಯಲ್ಲಿ ಬಗೆಹರಿಯಬೇಕಾದ ಪ್ರಶ್ನೆ, ಇತಿಹಾಸಕಾರನಿಗೆ ಇಲ್ಲೇನು ಕೆಲಸ ಎಂಬ ಶಂಕೆ ಏಳಬಹುದು. ಆದರೆ ವಾಹನದ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೈಯ ಎತ್ತರವೂ ಗಾಲಿಯ ನಿಲುವೂ ಎರಡು ಬೇರೆ ಬೇರೆ ವಿಷಯಗಳಲ್ಲ. ಒಂದನ್ನು ಬದಲಿಸಿದವನು ಇನ್ನೊಂದನ್ನು ಮರಳಿ ಹೊಂದಿಸಲೇಬೇಕು. ಇದನ್ನು ಮರೆತಾಗಲೆಲ್ಲ ಸವೆತದ ರೂಪದಲ್ಲಿ ದಂಡ ತೆರಬೇಕಾಗಿದೆ. ಈ ಮಾತನ್ನು ಸಮರ್ಥಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಟಾಂಗಾ ಹೊಡೆಯುವವರು ಈ ತತ್ತ್ವವನ್ನು ಅನುಭವದಿಂದ ಅರಿತಿದ್ದರು. ಎರಡೇ ಗಾಲಿಗಳ ಆ ಗಾಡಿಯಲ್ಲಿ ಮುಂದೆ ಭಾರ ಹೆಚ್ಚಾದರೆ ಅದು ಕುದುರೆಯ ಬೆನ್ನಿಗೆ ಬೀಳುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲಕ್ಕೇಳುತ್ತದೆ. ಆದುದರಿಂದ ಸವಾರಿಯವರನ್ನು ಹಿಂದುಮುಂದಾಗಿ ಕೂರಿಸಿ ತೂಕವನ್ನು ಸರಿಪಡಿಸಿದ ಮೇಲೆಯೇ ಗಾಡಿ ಹೊರಡುತ್ತಿತ್ತು. ಮೈಯ ಒಂದು ಕಡೆಯನ್ನು ತಗ್ಗಿಸಿದರೆ ಇನ್ನೊಂದು ಕಡೆ ಏನಾಗುವುದೆಂಬ ಎಚ್ಚರ ಅಲ್ಲಿ ನಿತ್ಯದ ಕಸುಬೇ ಆಗಿತ್ತು.

ಇನ್ನು ಗಾಲಿಯ ಓರೆಯ ವಿಚಾರ. ಯೂರೋಪಿನ ಸಾರೋಟುಗಳ ಗಾಲಿಗಳನ್ನು ತಟ್ಟೆಯಂತೆ ತುಸು ಕುಳಿಯಾಗಿ ಮಾಡಿ, ನೆಲಕ್ಕೆ ತಾಗುವ ಅರೆಕಾಲು ನೆಟ್ಟಗೆ ನಿಲ್ಲುವಂತೆ ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸುತ್ತಿದ್ದರು. ಇಂಥ ಗಾಲಿ ಅಗಲವಾಗಿದ್ದರೆ ಅದರ ಹೊರಮೈ ಶಂಕುವಿನ ಆಕಾರವನ್ನು ತಾಳುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ಇದರ ದೋಷವನ್ನು ತೋರಿಸಿಕೊಟ್ಟನು. ಶಂಕುವಿನಾಕಾರದ ಗಾಲಿ ತನ್ನಷ್ಟಕ್ಕೆ ಬಿಟ್ಟರೆ ವೃತ್ತದಲ್ಲಿ ಉರುಳುತ್ತದೆ. ಅದನ್ನು ಬಲವಂತದಿಂದ ನೇರವಾಗಿ ಓಡಿಸಿದರೆ ಉರುಳುವುದರ ಜತೆಗೆ ಉಜ್ಜುತ್ತಲೂ ಹೋಗುತ್ತದೆ. ಹಾಗೆ ಉಜ್ಜಿದಾಗ ಅಂದು ಹಾಳಾಗುತ್ತಿದ್ದುದು ರಸ್ತೆಯ ಜಲ್ಲಿ ಮತ್ತು ಗಾಲಿಯ ಕಬ್ಬಿಣದ ಪಟ್ಟೆ. ಇಂದು ಹಾಳಾಗುವುದು ರಬ್ಬರು. ಕಾರಣ ಮಾತ್ರ ಒಂದೇ.

ಸಾರೋಟಿನ ಮೈ ನೆಲದತ್ತ ಇಳಿದದ್ದು ಮುಂದಿನ ಘಟ್ಟ. ೧೮೦೪ರ ಸುಮಾರಿನಲ್ಲಿ ಇಂಗ್ಲೆಂಡಿನ ಒಬಡಯ ಎಲಿಯಟ್ ಉಕ್ಕಿನ ಪಟ್ಟಿಗಳನ್ನು ಅಂಡಾಕಾರವಾಗಿ ಜೋಡಿಸಿದ ಸ್ಪ್ರಿಂಗನ್ನು ಬಳಕೆಗೆ ತಂದನು. ಇದರಿಂದ ಮುಂದಿನ ಹಿಂದಿನ ಅಚ್ಚುಗಳನ್ನು ಕೂಡಿಸುತ್ತಿದ್ದ ಭಾರಿ ತೊಲೆ ಅನಾವಶ್ಯಕವಾಯಿತು. ಗಾಡಿ ಹಗುರವೂ ತಗ್ಗೂ ಆಯಿತು. ಅನಂತರ ಮ್ಯೂನಿಕ್ಕಿನ ಲಾಂಕೆನ್ಸ್‌ಪೆರ್ಗರ್ ಕಂಡುಹಿಡಿದ, ೧೮೧೮ರಲ್ಲಿ ರುಡಾಲ್ಫ್ ಆಕರ್‌ಮನ್ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದ ಏರ್ಪಾಡು ಬಂದಿತು. ಅಚ್ಚನ್ನು ಇಡಿಯಾಗಿ ತಿರುಗಿಸುವ ಬದಲು ಒಂದೊಂದು ಗಾಲಿಯನ್ನೂ ಅದರ ಕೀಲಿನಲ್ಲಿ ಬೇರೆಬೇರೆ ಕೋನಕ್ಕೆ ತಿರುಗಿಸಿದರೆ ಯಾವ ಗಾಲಿಯೂ ಪಕ್ಕಕ್ಕೆ ಜಾರುವುದಿಲ್ಲವೆಂಬುದು ಅದರ ತಿರುಳು.

೩

ಮೋಟಾರಿನ ಕಾಲದಲ್ಲಿಯೂ ಇದೇ ಕ್ರಮ ಮುಂದುವರಿಯಿತು. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ೧೯೩೪ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರುಗಳ ಮುಂಭಾಗದಲ್ಲಿ, ಮಾರಿಸ್ ಆಲಿ ಎಂಬ ಇಂಜಿನಿಯರನ ಶ್ರಮದ ಫಲವಾಗಿ, ಸುರುಳಿ ಸ್ಪ್ರಿಂಗುಗಳ ಸ್ವತಂತ್ರ ತೂಗು ವ್ಯವಸ್ಥೆ ಕಾಣಿಸಿಕೊಂಡಿತು. ಅದರ ಮೇಲಿನ ತೋಳು ಗಿಡ್ಡ, ಕೆಳಗಿನ ತೋಳು ಉದ್ದ. ಈ ಅಸಮತೆ ಉದ್ದೇಶಪೂರ್ವಕವಾದದ್ದು; ಗಾಲಿ ಏರಿಳಿಯುವಾಗ ಅದರ ಬುಡ ನೆಲದ ಮೇಲೆ ಪಕ್ಕಕ್ಕೆ ಉಜ್ಜದಿರಲೆಂದೇ ಅಳತೆಗಳನ್ನು ಹಾಗೆ ಗೊತ್ತುಮಾಡಿದ್ದರು. ೧೯೫೦ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಂದ ಮ್ಯಾಕ್‌ಫರ್ಸನ್ ಸ್ಟ್ರಟ್ ಮೇಲಿನ ತೋಳನ್ನೇ ಕೈಬಿಟ್ಟು, ಸ್ಪ್ರಿಂಗು ಮತ್ತು ಆಘಾತ ಶಮನಕ ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸಿತು.

ನಮ್ಮ ದೇಶದ ಕಾರುಗಳಲ್ಲಿ ಈ ಚರಿತ್ರೆಯ ಪದರಗಳನ್ನು ಕಾಣಬಹುದು. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅಂಬಾಸಡರಿಗೆ ಮುಂದೆ ತಿರುಚು ಸಲಾಕೆ, ಹಿಂದೆ ಪಟ್ಟಿ ಸ್ಪ್ರಿಂಗು. ಫಿಯೆಟ್ ೧೧೦೦ಕ್ಕೆ, ಅದರ ಉತ್ತರಾಧಿಕಾರಿಯಾದ ಪ್ರೀಮಿಯರ್ ಪದ್ಮಿನಿಗೆ, ಮುಂದೆ ಸುರುಳಿ, ಹಿಂದೆ ಪಟ್ಟಿ. ಇಂದಿನ ಸಾಮಾನ್ಯ ಸೆಡಾನುಗಳಲ್ಲಿ ಬಹುತೇಕ ಎಲ್ಲಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಹಿಂದೆ ಅನೇಕವಕ್ಕೆ ಎರಡು ಗಾಲಿಗಳನ್ನೂ ಕೂಡಿಸುವ ತಿರುಚು ತೊಲೆ.

೪

ಗಿಡ್ಡ ಸ್ಪ್ರಿಂಗನ್ನು ಹಾಕಿದಾಗ ಆಗುವುದೇನು? ಸ್ಟ್ರಟ್ ಇರುವ ಕಾರಿನ ಮೈ ಇಳಿದಂತೆ ಕೆಳತೋಳಿನ ಕೋನ ಬದಲಾಗುತ್ತದೆ. ಸಾಮಾನ್ಯವಾಗಿ ಗಾಲಿಯ ನೆತ್ತಿ ಒಳಕ್ಕೆ ವಾಲುತ್ತದೆ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ಜತೆಗೆ, ಚುಕ್ಕಾಣಿಯ ಸಲಾಕೆಯೂ ಕೆಳತೋಳೂ ಬೇರೆಬೇರೆ ಕಂಸಗಳಲ್ಲಿ ಚಲಿಸುವುದರಿಂದ ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದಕ್ಕೆ ಟೋ ಎಂದು ಹೆಸರು.

ಜನರು ಕ್ಯಾಂಬರನ್ನೇ ಹೆಚ್ಚಾಗಿ ದೂಷಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನಿಜವಾಗಿ ಹೆಚ್ಚು ಹಾನಿ ಮಾಡುವುದು ಕಾಣದಿರುವ ಟೋ. ಗಾಲಿಯೊಂದು ಕಾಲು ಡಿಗ್ರಿಯಷ್ಟು ಓರೆಯಾಗಿದೆಯೆಂದು ಭಾವಿಸೋಣ. ೬೦೦ ಮಿ.ಮೀ. ವ್ಯಾಸದ ಟೈರಿನಲ್ಲಿ ಇದು ಕೇವಲ ಎರಡೂವರೆ ಮಿಲಿಮೀಟರುಗಳ ವ್ಯತ್ಯಾಸ. ಆದರೆ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಆ ಗಾಲಿ ನಾಲ್ಕು ಮೀಟರಿಗೂ ಹೆಚ್ಚು ದೂರ ಪಕ್ಕಕ್ಕೆ ಎಳೆಯಲ್ಪಟ್ಟಂತಾಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಸುಮಾರು ೧೪೦ ಕಿಲೋಮೀಟರು ಎಂದು ಹಿಡಿದರೆ, ಒಂದು ಪ್ರಯಾಣದಲ್ಲಿ ಆರುನೂರು ಮೀಟರುಗಳಷ್ಟು ಉಜ್ಜಾಟ. ಇದಕ್ಕೆ ಒಳವಾಲೂ ಸೇರಿದರೆ ಸವೆತವೆಲ್ಲ ಒಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ಹೊರಗಿನಿಂದ ನೋಡುವವನಿಗೆ ಟೈರು ತುಂಬಿದಂತೆಯೇ ಕಾಣುವುದು ಇದರಲ್ಲಿನ ಅಪಾಯ. ಒಳಗೆ ನೂಲು ಹೊರಬಿದ್ದ ಟೈರು ಹೆದ್ದಾರಿಯ ವೇಗದಲ್ಲಿ ಸಿಡಿದರೆ ನಷ್ಟ ಹಣಕ್ಕೆ ಮಾತ್ರ ಸೀಮಿತವಾಗಲಾರದು.

ಸ್ಪ್ರಿಂಗಿನ ಬಿಗುಪಿನ ಪ್ರಶ್ನೆಯೂ ಉಂಟು. ೧೬೭೮ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮದಂತೆ ಸ್ಪ್ರಿಂಗಿನ ಬಲವು ಅದು ಅದುಮಿದ ಪ್ರಮಾಣವನ್ನು ಅನುಸರಿಸುತ್ತದೆ. ಅದು ಹೀರಿಕೊಳ್ಳುವ ಶಕ್ತಿಯಾದರೋ ಆ ಪ್ರಮಾಣದ ವರ್ಗವನ್ನು ಅನುಸರಿಸುತ್ತದೆ. ಗಾಲಿ ಮೇಲೇಳಲು ೮೦ ಮಿ.ಮೀ. ಅವಕಾಶವಿದ್ದ ಕಾರನ್ನು ೩೦ ಮಿ.ಮೀ. ತಗ್ಗಿಸಿದರೆ ಉಳಿಯುವುದು ೫೦. ಅದೇ ಗುಂಡಿಯ ಅದೇ ಪೆಟ್ಟನ್ನು ಸ್ಪ್ರಿಂಗೊಂದೇ ತಡೆಯಬೇಕಾದರೆ ಬಿಗುಪು ಎರಡೂವರೆ ಪಟ್ಟಾಗಬೇಕು. ಅಷ್ಟು ಬಿಗಿಯಾದ ಸ್ಪ್ರಿಂಗು ನಮ್ಮ ರಸ್ತೆಗಳಲ್ಲಿ ಸಹ್ಯವಲ್ಲ. ಆದುದರಿಂದ ತಗ್ಗಿಸುವಿಕೆಯೇ ಮಿತವಾಗಿರಬೇಕೆಂಬುದು ನ್ಯಾಯವಾದ ನಿರ್ಣಯ.

೫

ಮೇಲಿನ ವಿಚಾರಗಳಿಂದ ಆಯ್ಕೆಯ ಸೂತ್ರಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಆ ಮಾದರಿಯ ಕಾರಿಗೆಂದೇ, ಅದರ ಅಚ್ಚುಭಾರವನ್ನು ಗಣಿಸಿ ತಯಾರಾದ ಸ್ಪ್ರಿಂಗನ್ನೇ ಆರಿಸಬೇಕು. ಮೂಲದ ಸ್ಪ್ರಿಂಗಿನ ಸುತ್ತನ್ನು ಕತ್ತರಿಸುವ ಪದ್ಧತಿ ತ್ಯಾಜ್ಯವಾದದ್ದು. ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗುಪು ಐದರಲ್ಲೊಂದು ಪಾಲು ಹೆಚ್ಚುತ್ತದೆಂಬುದು ನಿಜ. ಆದರೆ ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರದೆ, ಗಾಲಿ ಕೆಳಕ್ಕೆ ಜೋತಾಗ ಕಳಚಿಕೊಳ್ಳಬಹುದು. ಎರಡನೆಯದಾಗಿ, ಶಮನಕಗಳು ಹೊಸ ಬಿಗುಪಿಗೆ ಒಪ್ಪುವಂತಿರಬೇಕು. ಇಲ್ಲವಾದರೆ ಗಾಲಿ ಪುಟಿದು ಟೈರು ತೇಪೆತೇಪೆಯಾಗಿ ಸವೆಯುತ್ತದೆ. ಮೂರನೆಯದಾಗಿ, ತೋಳುಗಳ ರಬ್ಬರು ಬುಷ್‌ಗಳ ಬೋಲ್ಟುಗಳನ್ನು ಕಾರು ನೆಲದ ಮೇಲೆ ತನ್ನ ಹೊಸ ಎತ್ತರದಲ್ಲಿ ನಿಂತ ಮೇಲೆಯೇ ಬಿಗಿಯತಕ್ಕದ್ದು. ನಾಲ್ಕನೆಯದಾಗಿ, ಕೂಡಲೆ ಅಲೈನ್‌ಮೆಂಟ್ ಮಾಡಿಸಿ, ಸ್ಪ್ರಿಂಗು ಕೂತ ಬಳಿಕ, ಅಂದರೆ ಕೆಲವು ನೂರು ಕಿಲೋಮೀಟರುಗಳ ನಂತರ, ಮತ್ತೊಮ್ಮೆ ಮಾಡಿಸಬೇಕು. ಕ್ಯಾಂಬರನ್ನು ಸರಿಪಡಿಸುವ ಅವಕಾಶ ಆ ಕಾರಿನಲ್ಲಿ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಅನಂತರವೂ ಟೈರನ್ನು ಓದುವ ಅಭ್ಯಾಸ ಇರಬೇಕು. ಗಾಳಿ ಹೆಚ್ಚಾದರೆ ನಡುಭಾಗ, ಕಡಮೆಯಾದರೆ ಎರಡು ಅಂಚುಗಳೂ ಸವೆಯುತ್ತವೆ. ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಒರಟು ಎನಿಸಿದರೆ ಅದು ಟೋ ದೋಷದ ಲಕ್ಷಣ. ಟೈರು ಮೈಸೂರಿಗೆ ಪರಕೀಯ ವಸ್ತುವಲ್ಲ. ಇಲ್ಲಿ ಬೆಳೆದ ವಿಕ್ರಾಂತ್ ಟೈರ್ಸ್ ೧೯೯೭ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು, ನಗರದ ಎಷ್ಟೋ ಮನೆಗಳ ಜೀವನ ಆ ಉದ್ಯಮದಿಂದ ನಡೆದಿದೆ. ಅಂಥ ಊರಿನಲ್ಲಿ ಟೈರಿನ ಸವೆತವನ್ನು ಅರ್ಥಮಾಡಿಕೊಳ್ಳುವುದು ಒಂದು ಬಗೆಯ ಶ್ರಮಗೌರವವೂ ಹೌದು.

ಕಾನೂನಿನ ವಿಷಯವನ್ನೂ ಇಲ್ಲಿ ಹೇಳುವುದು ಅವಶ್ಯಕ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ಜನವರಿಯಲ್ಲಿ ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಆದುದರಿಂದ ಹಣ ತೆರುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿವೇಕ.

ಎಲಿಯಟ್ ಗಾಡಿಯನ್ನು ತಗ್ಗಿಸಿದ್ದು ಅದರ ಕಟ್ಟಡವನ್ನೇ ಮರುಯೋಚಿಸಿ. ಆಲಿ ಸುರುಳಿ ಸ್ಪ್ರಿಂಗನ್ನು ತಂದದ್ದು ತೋಳುಗಳ ಅಳತೆಯನ್ನು ಗುಣಿಸಿ. ಇಂದಿನ ತರುಣನು ಕೊಳ್ಳುವುದು ಸ್ಪ್ರಿಂಗನ್ನು ಮಾತ್ರ. ಉಳಿದರ್ಧದ ಕೆಲಸ ಅವನ ಪಾಲಿಗೆ ಬಿಟ್ಟಿದ್ದು. ಸವಾರಿಯವರನ್ನು ಸರಿಸಿ ಕೂರಿಸಿದ ಮೇಲೆಯೇ ಲಗಾಮು ಹಿಡಿಯುತ್ತಿದ್ದ ಟಾಂಗಾದವರು ಆ ಅರ್ಧವನ್ನು ಎಂದೂ ಮರೆಯುತ್ತಿರಲಿಲ್ಲ.