ನಿತ್ಯಪುಷ್ಪದ ಎಲೆ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆಯೇ?

ಮನೆಯಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಎಲೆ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಕೆಲವರು ಇದನ್ನು ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಸಂದೇಶದಲ್ಲಿ ಅರ್ಧ ಸತ್ಯವಿದೆ. ಅಪಾಯ ಇರುವುದು ಉಳಿದರ್ಧದಲ್ಲಿ.

ನಿಜ ಎಷ್ಟು?

ಈ ಗಿಡದ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1958ರಲ್ಲಿ ವರದಿ ಮಾಡಿದರು. ಬಳಿಕ ಇದೇ ಗಿಡದಲ್ಲಿ ವಿನ್‌ಕ್ರಿಸ್ಟಿನ್ ಸಿಕ್ಕಿತು. ಎರಡೂ ಜೀವಕೋಶ ಒಡೆದು ಎರಡಾಗುವುದನ್ನು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ. ಅಂದರೆ, ಸಂದೇಶಗಳು ಬೇಡ ಎನ್ನುವ ಕೀಮೋಥೆರಪಿಯ ಒಂದು ಭಾಗ ಇದೇ ಗಿಡದಿಂದ ಬಂದದ್ದು.

ಎಲೆ ಇದ್ದಮೇಲೆ ಪ್ರಯೋಗಾಲಯ ಏಕೆ?

ಈ ಗಿಡದಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ. ಅವುಗಳಲ್ಲಿ ಈ ಔಷಧಗಳ ಪ್ರಮಾಣ ಅತ್ಯಲ್ಪ. ಫ್ರಾನ್ಸ್‌ನ ರಸಾಯನ ವಿಜ್ಞಾನಿ ಪಿಯೆರ್ ಪೊತಿಯೆ ಇದಕ್ಕೊಂದು ದಾರಿ ಹುಡುಕಿದರು. ಅದೇ ಎಲೆಯಲ್ಲಿ ಹೆಚ್ಚಾಗಿ ಸಿಗುವ ಕ್ಯಾಥರಾಂಥಿನ್ ಮತ್ತು ವಿಂಡೋಲಿನ್ ಎಂಬ ಎರಡು ಅಣುಗಳನ್ನು ಅವರ ತಂಡ 1970ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಜೋಡಿಸಿತು. ಹೀಗೆ ಜೋಡಿಸಿದ ಅಣುವಿನ ರಚನೆಯನ್ನು ಸ್ವಲ್ಪ ಬದಲಿಸಿದಾಗ ವಿನೋರೆಲ್ಬಿನ್ ಎಂಬ ಹೊಸ ಔಷಧ ಹುಟ್ಟಿತು. ಅಮೆರಿಕದಲ್ಲಿ ಇದಕ್ಕೆ 1994ರಲ್ಲಿ ಅನುಮತಿ ಸಿಕ್ಕಿತು. ಶ್ವಾಸಕೋಶ ಮತ್ತು ಸ್ತನ ಕ್ಯಾನ್ಸರ್‌ಗೆ ಇದನ್ನು ಬಳಸುತ್ತಾರೆ.

ಎಲೆ ತಿಂದರೇನು ತಪ್ಪು?

ವಿನ್‌ಕ್ರಿಸ್ಟಿನ್‌ನ ಒಂದು ಡೋಸ್ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ಅದನ್ನು ರಕ್ತನಾಳದ ಮೂಲಕವೇ ಕೊಡಬೇಕು. ಹೆಚ್ಚಾದರೆ ನರಗಳಿಗೆ ಹಾನಿಯಾಗುತ್ತದೆ, ಜೀವಕ್ಕೂ ಅಪಾಯ. ಹಾಗಾಗಿ ವೈದ್ಯರು ರೋಗಿಯ ಎತ್ತರ, ತೂಕ ನೋಡಿ ಲೆಕ್ಕ ಹಾಕುತ್ತಾರೆ, ರಕ್ತಪರೀಕ್ಷೆ ಮಾಡಿಸುತ್ತಾರೆ. ಒಂದು ಹಿಡಿ ಎಲೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ. ಕ್ಯಾನ್ಸರ್ ಗುಣಪಡಿಸುವಷ್ಟು ಔಷಧ ಅದರಿಂದ ಸಿಗುವುದಿಲ್ಲ. ಆದರೆ ಎಲೆಯ ಇತರ ಅಂಶಗಳು ವಿಷವಾಗಬಹುದು.

ಎಲ್ಲಕ್ಕಿಂತ ದೊಡ್ಡ ನಷ್ಟ ಸಮಯದ್ದು. ಎಲೆ ನಂಬಿ ಚಿಕಿತ್ಸೆ ಮುಂದೂಡಿದರೆ, ಗುಣಪಡಿಸಬಹುದಾಗಿದ್ದ ಕ್ಯಾನ್ಸರ್ ಕೂಡ ಕೈಮೀರಬಹುದು.

ನಮ್ಮ ತೀರ್ಮಾನ: ಗಿಡದಿಂದ ಔಷಧ ಬಂದದ್ದು ನಿಜ, ಎಲೆಯೇ ಔಷಧ ಎನ್ನುವುದು ಸುಳ್ಳು. ಈಗಾಗಲೇ ಎಲೆ ಅಥವಾ ಕಷಾಯ ಸೇವಿಸುತ್ತಿದ್ದರೆ ಮುಚ್ಚಿಡದೆ ನಿಮ್ಮ ವೈದ್ಯರಿಗೆ ತಿಳಿಸಿ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ; ಕಳಿಸಿದವರಿಗೆ ಈ ಲೇಖನ ಕಳಿಸಿ.